ಟಿಕೆಟ್ ಇಲ್ಲದ ನೋಟ: ಶಿವಮೊಗ್ಗಕ್ಕೆ ಬಂದವರು ಒಳ್ಳೆ ವ್ಯೂ ಪಾಯಿಂಟ್ ಹುಡುಕಿಕೊಳ್ಳುವುದು ಹೇಗೆ

ಕೋರ್ಪಲಯ್ಯನ ಛತ್ರದ ಹತ್ತಿರ, ತುಂಗಾ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ. ಬೇಸಿಗೆಯಲ್ಲಿ ಅದು ಪೂರ್ತಿ ಕಾಣುತ್ತದೆ. ಜುಲೈ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿದು ಹೊಳೆ ಏರತೊಡಗಿದರೆ ಶಿವಮೊಗ್ಗದ ಜನ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ಮಂಟಪ ಮುಳುಗ್ತಾ?" ಮುಳುಗಿತು ಅಂದರೆ ತುಂಗೆ ತುಂಬಿದಳು ಎಂದು ಅರ್ಥ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೊಡೆ ಹಿಡಿದುಕೊಂಡು ಜನ ಸೇತುವೆ ಹತ್ತಿರ ಬಂದು ನಿಲ್ಲುತ್ತಾರೆ. ಕೆಂಪು ನೀರು ಮಂಟಪದ ನೆತ್ತಿ ಸವರಿಕೊಂಡು ಹೋಗುವುದನ್ನು ನೋಡುತ್ತಾರೆ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಇಷ್ಟು ಗಂಟೆಗೆ ಬಾಗಿಲು ಹಾಕುತ್ತೇವೆ ಎನ್ನುವ ಬೋರ್ಡ್ ಇಲ್ಲ.

ಮಳೆಗಾಲದಲ್ಲಿ ಬರುವ ನೆಂಟರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಬಂದವರ ಫೋನಿನಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಜೋಗ, ಸಕ್ರೆಬೈಲು, ತ್ಯಾವರೆಕೊಪ್ಪ, ಕೊಡಚಾದ್ರಿ. ಇವೆಲ್ಲ ದುಡ್ಡು ಕೊಟ್ಟು ನೋಡುವ ಜಾಗಗಳು. ಕೊಡಲಿ, ತಪ್ಪೇನಿಲ್ಲ. ಆದರೆ ಆ ಪಟ್ಟಿ ಮುಗಿಸುವ ಗಡಿಬಿಡಿಯಲ್ಲಿ, ದಾರಿಯುದ್ದಕ್ಕೂ ಸುಮ್ನೆ ಸಿಗುವ ನೋಟಗಳನ್ನು ಅವರು ಕಾರಿನ ಗಾಜಿನಾಚೆಗೆ ಬಿಟ್ಟು ಹೋಗುತ್ತಾರೆ. ಅದು ನನಗೆ ಬೇಜಾರು. ಹಾಗಾಗಿ ಜಾಗಗಳ ಹೆಸರಿಗಿಂತ ಜಾಸ್ತಿಯಾಗಿ, ಜಾಗ ಹುಡುಕುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ಗೊತ್ತಾದರೆ ಯಾವ ತಾಲ್ಲೂಕಿಗೆ ಹೋದರೂ ನಿಮ್ಮದೇ ಒಂದು ವ್ಯೂ ಪಾಯಿಂಟ್ ಸಿಗುತ್ತದೆ.

ಹೆಜ್ಜೆ 1: ಮೊದಲು ಕಾಲ ನೋಡಿ, ಆಮೇಲೆ ಜಾಗ

ಒಂದು ಜುಲೈ ತಿಂಗಳಲ್ಲಿ ಬೆಂಗಳೂರಿಂದ ಬಂದ ಚಿಕ್ಕಪ್ಪನ ಮಕ್ಕಳನ್ನು ಕರೆದುಕೊಂಡು ಕುಂದಾದ್ರಿಗೆ ಹೋಗಿದ್ದೆ. ತೀರ್ಥಹಳ್ಳಿ–ಆಗುಂಬೆ ದಾರಿಯಲ್ಲಿ ಗುಡ್ಡೇಕೇರಿ ಹತ್ತಿರ ತಿರುಗಿ ಹೋಗುವ ಬೆಟ್ಟ ಅದು. ಮೇಲಿನ ತನಕ ರಸ್ತೆ ಇದೆ, ಕೊನೆಗೆ ಸ್ವಲ್ಪ ಮೆಟ್ಟಿಲು. ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲೇ ಬಂಡೆಯ ನಡುವೆ ಕೊಳ. ಆವತ್ತು ನಮಗೆ ಬಸದಿಯ ಬಾಗಿಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಎರಡು ಮಾರು ದೂರದ ಕೊಳ ಕೂಡ ಮೋಡದಲ್ಲಿ ಮುಚ್ಚಿಹೋಗಿತ್ತು. ಗಾಳಿಗೆ ಕೊಡೆ ಮಡಚಿಕೊಂಡಿತು. ಒದ್ದೆಯಾಗಿ ಕೆಳಗಿಳಿದು ತೀರ್ಥಹಳ್ಳಿಯ ಕಮಾನು ಸೇತುವೆಯ ಹತ್ತಿರ ಬಂದೆವು. ಅಲ್ಲಿ ತುಂಗೆ ದಡದಿಂದ ದಡಕ್ಕೆ ತುಂಬಿ, ಮರದ ದಿಮ್ಮಿ, ಬಾಳೆಗಿಡ ಎಲ್ಲ ಹೊತ್ತುಕೊಂಡು ಹರಿಯುತ್ತಿದ್ದಳು. ಬೆಳಗ್ಗಿನಿಂದ ಹುಡುಕಿದ ನೋಟ ಅಲ್ಲಿ, ಕೆಳಗೆ, ನಮ್ಮ ಕಾಲ ಬುಡದಲ್ಲೇ ಇತ್ತು.

ಆವತ್ತಿನಿಂದ ನಾನು ಪಾಲಿಸುವ ಲೆಕ್ಕ ಹೀಗಿದೆ. ಮಳೆಗಾಲದಲ್ಲಿ ಕೆಳಗೆ ಇರಿ, ಚಳಿಗಾಲದಲ್ಲಿ ಮೇಲೆ ಹತ್ತಿ.

ಇದಕ್ಕೆ ಕಾರಣ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರದ ಕಡೆಯಿಂದ ಬರುವ ಮೋಡ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಗುಡ್ಡದ ತಲೆಯ ಮೇಲೇ ಕೂರುತ್ತದೆ. ಎತ್ತರಕ್ಕೆ ಹೋದಷ್ಟೂ ನೀವು ಮೋಡದ ಒಳಗೇ ಹೋಗುತ್ತೀರಿ. ಆಗ ಸೇತುವೆ, ಹೊಳೆ ದಂಡೆ, ಕೆರೆ ಏರಿ, ಗದ್ದೆ ಬಯಲು ಚೆನ್ನ. ನವೆಂಬರ್‌ನಿಂದ ಜನವರಿ ತನಕ ಉಲ್ಟಾ. ರಾತ್ರಿ ಆಕಾಶ ಶುಭ್ರವಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ಅದು ಇಳಿಜಾರಿನಲ್ಲಿ ನೀರಿನ ಹಾಗೆ ಹರಿದು ಕಣಿವೆಯಲ್ಲಿ ಸೇರುತ್ತದೆ. ಗದ್ದೆಯ ತೇವ, ಹೊಳೆಯ ತೇವ ಅಲ್ಲೇ ಮಂಜಾಗುತ್ತದೆ. ಬೆಳಗ್ಗೆ ಕಣಿವೆಯಲ್ಲಿ ನಿಂತವನಿಗೆ ಪಕ್ಕದ ಅಡಿಕೆ ಮರ ಕಾಣುವುದಿಲ್ಲ. ಗುಡ್ಡದ ಮೇಲೆ ನಿಂತವನಿಗೆ ಹಾಲು ಸುರಿದ ಹಾಗೆ ಮಂಜು, ಅದರ ನಡುವೆ ದ್ವೀಪದ ಹಾಗೆ ಬೆಟ್ಟದ ತಲೆಗಳು ಕಾಣುತ್ತವೆ. ಬಿಸಿಲು ಏರಿದ ಮೇಲೆ, ಎಂಟು ಒಂಬತ್ತು ಗಂಟೆ ಹೊತ್ತಿಗೆ ಅದೆಲ್ಲ ಕರಗಿಹೋಗುತ್ತದೆ. ಹಾಗಾಗಿ ಈ ಮಂಜು ನೋಡಬೇಕೆಂದರೆ ಚಳಿಗಾಲದ ಗುಡ್ಡಕ್ಕೆ ತಿಂಡಿ ತಿಂದು ಹೋಗಬೇಡಿ. ಹೋಗಿ ಬಂದು ತಿನ್ನಿ.

ಫೆಬ್ರವರಿಯಿಂದ ಏಪ್ರಿಲ್ ಸ್ವಲ್ಪ ಕಷ್ಟದ ಕಾಲ. ಧೂಳು, ಅಲ್ಲಲ್ಲಿ ಬೆಂಕಿಯ ಹೊಗೆ, ದೂರದ ಗುಡ್ಡ ಬೂದಿ ಬಳಿದ ಹಾಗೆ ಮಂಕು. ಆದರೆ ಏಪ್ರಿಲ್, ಮೇನಲ್ಲಿ ಸಂಜೆ ಗುಡುಗಿ ಒಂದು ದೊಡ್ಡ ಮಳೆ ಬಿದ್ದರೆ ಮರುದಿನ ಬೆಳಗ್ಗೆ ಬಿಡಬೇಡಿ. ಗಾಳಿ ತೊಳೆದ ಹಾಗಿರುತ್ತದೆ. ಊರಿನವರಾದ ನಾವು ಕಾಯುವುದೇ ಆ ದಿನಕ್ಕೆ.

ದಿನ ಚೆನ್ನಾಗಿದೆಯಾ ಎಂದು ತಿಳಿಯಲು ನಾನು ಗುಡ್ಡದ ಸಾಲು ಎಣಿಸುತ್ತೇನೆ. ಮಲೆನಾಡಿನಲ್ಲಿ ಗುಡ್ಡಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಹತ್ತಿರದ್ದು ಹಸಿರು, ಅದರ ಹಿಂದಿನದು ನೀಲಿ, ಅದರ ಹಿಂದಿನದು ಇನ್ನೂ ತಿಳಿ ನೀಲಿ. ರಸ್ತೆ ಬದಿಯಲ್ಲಿ ನಿಂತು ಎರಡು ಸಾಲು ಮಾತ್ರ ಕಂಡರೆ ಆವತ್ತು ಬೆಟ್ಟಕ್ಕೆ ಹೋಗಿ ಪ್ರಯೋಜನ ಇಲ್ಲ, ಹೊಳೆ ಕಡೆ ಹೋಗಿ. ನಾಲ್ಕು ಕಂಡರೆ ಹೊರಡಿ. ಐದಕ್ಕಿಂತ ಜಾಸ್ತಿ ಕಂಡರೆ ಬೇರೆ ಕೆಲಸ ಬಿಟ್ಟು ಹೊರಡಿ.

ಹೆಜ್ಜೆ 2: ಎತ್ತರ ಸಾಲದು, ಎದುರಿಗೆ ಬಯಲು ಬೇಕು

ಹೊರಗಿನಿಂದ ಬಂದವರು ಮಾಡುವ ದೊಡ್ಡ ತಪ್ಪು ಇದು. ಎತ್ತರದ ಗುಡ್ಡ ಹುಡುಕಿ ಹತ್ತುತ್ತಾರೆ. ಮೇಲೆ ಹೋದರೆ ಸುತ್ತ ಬರೀ ಮರ. ಬಯಲುಸೀಮೆಯಲ್ಲಿ ಗುಡ್ಡ ಹತ್ತಿದರೆ ಸುತ್ತಲಿನ ಹತ್ತೂರು ಕಾಣುತ್ತದೆ. ನಮ್ಮಲ್ಲಿ ಕಾಡು ಅಡ್ಡ ಬರುತ್ತದೆ. ಆದ್ದರಿಂದ ಮಲೆನಾಡಿನಲ್ಲಿ ಹುಡುಕಬೇಕಾದ್ದು ಮರ ಇಲ್ಲದ ಜಾಗವನ್ನು. ಅಂಥವು ಇಷ್ಟು ಬಗೆ.

ಹಾಸುಬಂಡೆ ಇರುವ ಗುಡ್ಡ. ಬಂಡೆಯ ಮೇಲೆ ಮರ ಬೆಳೆಯುವುದಿಲ್ಲ. ಕುಂದಾದ್ರಿ ಹೀಗೆ. ಕುಪ್ಪಳಿಯ ಕವಿಶೈಲವೂ ಹೀಗೆ. ಕುವೆಂಪು ಅವರ ಮನೆಯ ಹಿಂದಿನ ಗುಡ್ಡ ಅದು. ಕವಿಮನೆ ನೋಡಲು ಟಿಕೆಟ್ ಇದೆ, ಶೈಲಕ್ಕೆ ನಡೆದು ಹೋಗಲು ಇಲ್ಲ. ಬಂಡೆಯ ಮೇಲೆ ಕೂತರೆ ಕಾಡಿನ ಅಲೆ ಅಲೆ, ದೂರದಲ್ಲಿ ಕುಂದಾದ್ರಿ. ಬಿ.ಎಂ.ಶ್ರೀ, ಟಿ.ಎಸ್.ವೆಂಕಣ್ಣಯ್ಯ, ಕುವೆಂಪು ಅಲ್ಲಿಗೆ ಹೋಗಿದ್ದಾಗ ಬಂಡೆಯಲ್ಲಿ ಹೆಸರು ಕೊರೆದಿದ್ದಾರೆ, ಇವತ್ತಿಗೂ ಓದಬಹುದು. ಅದನ್ನು ನೋಡಿ ನಿಮ್ಮ ಹೆಸರನ್ನೂ ಕೊರೆಯಲು ಹೋಗಬೇಡಿ, ದಯವಿಟ್ಟು. ಕುವೆಂಪು ಅವರ ಸಮಾಧಿ ಅಲ್ಲೇ ಇದೆ. ಮೆಲ್ಲಗೆ ಮಾತಾಡಬೇಕಾದ ಜಾಗ.

ಕೋಟೆ. ಕೋಟೆ ಕಟ್ಟಿದವರು ನಮಗಿಂತ ಮೊದಲೇ ಈ ಕೆಲಸ ಮಾಡಿಟ್ಟಿದ್ದಾರೆ. ಶತ್ರು ಬರುವುದು ದೂರದಿಂದಲೇ ಕಾಣಬೇಕು, ಅದಕ್ಕೆ ತಕ್ಕ ಜಾಗವನ್ನೇ ಆರಿಸಿದ್ದಾರೆ. ತೀರ್ಥಹಳ್ಳಿ ಕಡೆಯ ಕವಲೇದುರ್ಗ, ಹೊಸನಗರ ತಾಲ್ಲೂಕಿನ ನಗರ ಕೋಟೆ, ಎರಡೂ ಕೆಳದಿ ಅರಸರ ಕಾಲದವು. ನಗರ ಎಂದರೆ ಹಿಂದಿನ ಬಿದನೂರು, ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರ್ ಅಲಿ ಗೆದ್ದ ಮೇಲೆ ಹೈದರ್ ನಗರ ಆಯಿತು, ಈಗ ಬರೀ ನಗರ. ರಸ್ತೆ ಪಕ್ಕದಲ್ಲೇ ಇದೆ, ವಯಸ್ಸಾದವರೂ ನಿಧಾನಕ್ಕೆ ಹತ್ತಬಹುದು. ಕವಲೇದುರ್ಗಕ್ಕೆ ಕಾಲಿನಲ್ಲಿ ಶಕ್ತಿ ಬೇಕು. ಗದ್ದೆ ಅಂಚಿನಿಂದ ಶುರುವಾಗುವ ದಾರಿ ಕಾಡಿನೊಳಗೆ ಹೋಗಿ, ಕಲ್ಲು ಹಾಸಿನ ಮೇಲೆ ಏರುತ್ತ, ಹೆಬ್ಬಾಗಿಲಿನಿಂದ ಹೆಬ್ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ. ಮೇಲೆ ತಲುಪಿದಾಗ ಕಾಡು ಒಮ್ಮೆಲೇ ಕೆಳಗಾಗುತ್ತದೆ. ಆ ಕ್ಷಣಕ್ಕಾಗಿಯೇ ನಾನು ಮತ್ತೆ ಮತ್ತೆ ಹೋಗುತ್ತೇನೆ.

ದೇವಸ್ಥಾನದ ಗುಡ್ಡ. ಪೇಟೆಯಲ್ಲೇ ಇರುವವರಿಗೆ ಇದು ಸುಲಭ. ಶಿವಮೊಗ್ಗದಲ್ಲಿ ಗುಡ್ಡೇಕಲ್ ಬಾಲಸುಬ್ರಹ್ಮಣ್ಯ ದೇವಸ್ಥಾನ ಇದೆ. ಆಡಿ ಕೃತ್ತಿಕೆಯ ಹರೋಹರ ಜಾತ್ರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇರೆ ದಿನ ಸಂಜೆ ಹೋದರೆ ಶಾಂತವಾಗಿ ಕೂತು ಊರಿನ ದೀಪ ಒಂದೊಂದಾಗಿ ಹತ್ತುವುದನ್ನು ನೋಡಬಹುದು. ಚಪ್ಪಲಿ ಕೆಳಗೆ ಬಿಡಿ, ಪೂಜೆ ಹೊತ್ತಿನಲ್ಲಿ ಫೋಟೋ ತೆಗೆಯುವ ಮುಂಚೆ ಅರ್ಚಕರನ್ನು ಒಂದು ಮಾತು ಕೇಳಿ.

ಹುಲ್ಲುಗಾವಲು, ನಮ್ಮ ಕಡೆ ಬ್ಯಾಣ ಅಂತೀವಿ. ದನ ಮೇಯುವ ಬೋಳು ಗುಡ್ಡ. ಎಷ್ಟೋ ಹಳ್ಳಿಯ ಹಿಂದೆ ಇಂಥದ್ದೊಂದು ಇರುತ್ತದೆ, ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಒಂದು ಸಲ ಒಂದು ಹೋಂಸ್ಟೇಯಲ್ಲಿ "ವ್ಯಾಲಿ ವ್ಯೂ" ಕೋಣೆಗೆ ಜಾಸ್ತಿ ದುಡ್ಡು ಕೊಟ್ಟು ಉಳಿದುಕೊಂಡೆವು. ಕಿಟಕಿ ತೆಗೆದರೆ ಮುಂದೆ ಹಲಸಿನ ಮರ. ಮರುದಿನ ಬೆಳಗ್ಗೆ ದನ ಹೊಡೆದುಕೊಂಡು ಹೋಗುತ್ತಿದ್ದ ಹುಡುಗನ ಹಿಂದೆ ಕಾಲು ಗಂಟೆ ನಡೆದೆವು. ಆ ಬ್ಯಾಣದ ತುದಿಯಲ್ಲಿ ಇಡೀ ಕಣಿವೆ ಇತ್ತು.

ಉಳಿದವು ನೀರಿನ ಅಂಚು: ಸೇತುವೆ, ಕೆರೆ ಏರಿ, ಹಿನ್ನೀರಿನ ದಡ, ಸಂಗಮ. ನೀರಿನ ಮೇಲೆ ಮರ ಇರುವುದಿಲ್ಲ ಅಲ್ವಾ, ಹಾಗಾಗಿ ಎತ್ತರವೇ ಇಲ್ಲದಿದ್ದರೂ ಕಣ್ಣಿಗೆ ಬಯಲು ಸಿಗುತ್ತದೆ. ಸಾಗರದ ಗಣಪತಿ ಕೆರೆ, ಶಿಕಾರಿಪುರ ಹತ್ತಿರದ ಅಂಜನಾಪುರ ಜಲಾಶಯ, ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ದೂರದ ಕೂಡ್ಲಿ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆ ಆಗುತ್ತಾರೆ. ಸಂಗಮದ ಮೆಟ್ಟಿಲ ಮೇಲೆ ಕೂತು ಎರಡು ಹೊಳೆ ಒಂದಾಗುವ ಗೆರೆ ಹುಡುಕುತ್ತಿದ್ದರೆ ಮಕ್ಕಳಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಹೆಜ್ಜೆ 3: ಮ್ಯಾಪಿನಲ್ಲಿ ಹೆಸರು ಓದಿ, ಬಣ್ಣ ಓದಿ

ಹೊರಡುವ ಹಿಂದಿನ ರಾತ್ರಿ ಅರ್ಧ ಗಂಟೆ ಸಾಕು. ಗೂಗಲ್ ಮ್ಯಾಪ್ ತೆಗೆಯಿರಿ. ನೀವು ಹೋಗುವ ರಸ್ತೆಯ ಎರಡೂ ಬದಿ ನಾಲ್ಕೈದು ಕಿ.ಮೀ. ಒಳಗೆ ಊರಿನ ಹೆಸರು ನೋಡುತ್ತ ಹೋಗಿ. ಹೆಸರಿನ ಕೊನೆಯಲ್ಲಿ ಕಲ್ಲು, ಗುಡ್ಡ, ಬೆಟ್ಟ, ಗಿರಿ, ದುರ್ಗ ಬಂದರೆ ಅಲ್ಲಿ ಬೆರಳಿಡಿ. ಕಾನು ಎಂದು ಬಂದರೆ ದಟ್ಟ ಕಾಡು ಎಂದು ತಿಳಿಯಿರಿ, ಅಲ್ಲಿ ನೆರಳು ಸಿಗುತ್ತದೆ, ನೋಟ ಸಿಗುವುದಿಲ್ಲ. ಹುಡುಕುವಾಗ ಕನ್ನಡದಲ್ಲೂ ಟೈಪ್ ಮಾಡಿ. ಊರವರು ಕನ್ನಡದಲ್ಲಿ ಗುರುತು ಹಾಕಿದ ದೇವಸ್ಥಾನ, ಗುಡ್ಡಗಳು ಕೆಲವೊಮ್ಮೆ ಇಂಗ್ಲಿಷಿನಲ್ಲಿ ಸಿಗುವುದೇ ಇಲ್ಲ.

ಆಮೇಲೆ ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿ. ಕಡು ಹಸಿರು, ಹೂಕೋಸಿನ ಹಾಗೆ ಉಬ್ಬು ಉಬ್ಬಾಗಿ ಕಂಡರೆ ಕಾಡು. ಚುಕ್ಕಿ ಇಟ್ಟ ಹಾಗೆ ಸಾಲಾಗಿ ಕಂಡರೆ ಅಡಿಕೆ ತೋಟ. ನುಣ್ಣಗೆ ಕಂದು ಅಥವಾ ತಿಳಿ ಹಸಿರು ಇದ್ದರೆ ಹುಲ್ಲುಗಾವಲು. ಬೂದು ಬಣ್ಣದ ಮಚ್ಚೆ ಇದ್ದರೆ ಬಂಡೆ. ನಿಮಗೆ ಬೇಕಾದ್ದು ಕೊನೆಯ ಎರಡು. ಈಗ ಟೆರೇನ್ ಒತ್ತಿ. ಸಣ್ಣ ಗೆರೆಗಳು ಕಾಣುತ್ತವೆ, ಒಂದೊಂದು ಗೆರೆ ಒಂದೊಂದು ಎತ್ತರ. ಗೆರೆಗಳು ಒತ್ತೊತ್ತಾಗಿ ಇರುವ ಕಡೆ ನೆಲ ಕಡಿದಾಗಿ ಇಳಿಯುತ್ತದೆ. ಬಂಡೆ ಅಥವಾ ಹುಲ್ಲಿನ ಮಚ್ಚೆ ಇದ್ದು, ಅದರ ಒಂದು ಬದಿಯಲ್ಲಿ ಗೆರೆ ಒತ್ತಾಗಿದ್ದರೆ ಅಲ್ಲಿ ಖಂಡಿತ ನೋಟ ತೆರೆದುಕೊಳ್ಳುತ್ತದೆ. ಅಲ್ಲಿಗೆ ರಸ್ತೆಯೋ ಕಾಲುದಾರಿಯೋ ಇದೆಯಾ ನೋಡಿ, ಗುರುತು ಹಾಕಿಟ್ಟುಕೊಳ್ಳಿ. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳುವುದು ಮರೆಯಬೇಡಿ. ತೀರ್ಥಹಳ್ಳಿ ದಾಟಿದ ಮೇಲೆ ನೆಟ್‌ವರ್ಕ್ ಎಲ್ಲಿ ಹೋಗುತ್ತದೆ ಹೇಳಲಾಗದು.

ಹೆಜ್ಜೆ 4: ಸೂರ್ಯ ಯಾವ ಕಡೆ?

ಘಟ್ಟದ ಅಂಚು ಪಶ್ಚಿಮಕ್ಕೆ ಮುಖ ಮಾಡಿದೆ. ಆಗುಂಬೆಯಂಥ ಜಾಗ ಸಂಜೆಗೆ. ಶಿವಮೊಗ್ಗ, ಶಿಕಾರಿಪುರ ಕಡೆ ಪೂರ್ವಕ್ಕೆ ಬಯಲು ತೆರೆದಿದೆ, ಅಲ್ಲಿಯ ಗುಡ್ಡಗಳು ಬೆಳಗ್ಗೆಗೆ. ಕೆರೆ, ಹಿನ್ನೀರಿಗೆ ಇನ್ನೂ ಸುಲಭದ ಲೆಕ್ಕ: ನೀರು ನಿಮ್ಮ ಮತ್ತು ಸೂರ್ಯನ ನಡುವೆ ಇರಬೇಕು. ಸೂರ್ಯೋದಯಕ್ಕೆ ಕೆರೆಯ ಪಶ್ಚಿಮ ದಡ, ಸೂರ್ಯಾಸ್ತಕ್ಕೆ ಪೂರ್ವ ದಡ.

ನಮ್ಮ ಕಡೆ ನವೆಂಬರ್ ಮಧ್ಯದಲ್ಲಿ ಸೂರ್ಯ ಆರು ಗಂಟೆ ಆಸುಪಾಸಿಗೇ ಮುಳುಗುತ್ತಾನೆ. ಜೂನ್ ಕೊನೆಗೆ ಏಳರ ತನಕ ಇರುತ್ತಾನೆ. ಜನವರಿ ಕೊನೆಯಲ್ಲಿ ಹುಟ್ಟುವುದೇ ಏಳಕ್ಕೆ ಐದು ನಿಮಿಷ ಇರುವಾಗ. ಗಡಿಯಾರ ನೋಡದೆ ಅಂದಾಜು ಮಾಡಲು ಒಂದು ಉಪಾಯ ಇದೆ. ಕೈ ಪೂರ್ತಿ ಮುಂದೆ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಜೋಡಿಸಿ, ಸೂರ್ಯನ ಕೆಳಗೆ ಹಿಡಿಯಿರಿ. ದಿಗಂತದ ತನಕ ಎಷ್ಟು ಬೆರಳು ಹಿಡಿಸುತ್ತವೆ ಎಣಿಸಿ. ಒಂದು ಬೆರಳಿಗೆ ಸುಮಾರು 15 ನಿಮಿಷ. ನಾಲ್ಕು ಬೆರಳು ಹಿಡಿಸಿದರೆ ಇನ್ನೊಂದು ಗಂಟೆ ಇದೆ, ಇನ್ನೊಂದು ಚಹಾ ಕುಡಿಯಬಹುದು. ಸೂರ್ಯನನ್ನೇ ದಿಟ್ಟಿಸಬೇಡಿ, ಬೆರಳಿನ ಕಡೆ ನೋಡಿ.

ಆಗುಂಬೆಯ ಸಮುದ್ರದ ವಿಷಯ ಎಲ್ಲರೂ ಕೇಳುತ್ತಾರೆ. ಹೌದು, ಕಾಣುತ್ತದೆ. ಕರಾವಳಿ ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 40 ಕಿ.ಮೀ. ನವೆಂಬರ್‌ನಿಂದ ಜನವರಿ ತನಕ, ಆಕಾಶ ತಿಳಿಯಾಗಿದ್ದ ಸಂಜೆ, ಸೂರ್ಯನ ಕೆಳಗೆ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ, ಅದೇ ಸಮುದ್ರ. ಅಲೆ, ದೋಣಿ ಎಲ್ಲ ಕಾಣುತ್ತದೆ ಎಂದುಕೊಂಡು ಹೋಗಬೇಡಿ. ಮಳೆಗಾಲದಲ್ಲಂತೂ ಎದುರಿಗೆ ನಿಂತ ಮನುಷ್ಯನೇ ಕಾಣುವುದಿಲ್ಲ.

ಹೆಜ್ಜೆ 5: ಪೇಪರಿನಲ್ಲಿ ಡ್ಯಾಂ ಮಟ್ಟ ನೋಡಿ

ಇದು ನಮ್ಮ ಜಿಲ್ಲೆಯವರ ಅಭ್ಯಾಸ. ಮಳೆಗಾಲದಲ್ಲಿ ಬೆಳಗ್ಗೆ ಪೇಪರ್ ಬಂದ ಕೂಡಲೇ ಮೊದಲು ನೋಡುವುದು ಡ್ಯಾಂಗಳ ನೀರಿನ ಮಟ್ಟ. ಪ್ರವಾಸಕ್ಕೆ ಬಂದವರೂ ಹೀಗೇ ಮಾಡಿ, ಬಹಳ ಉಪಯೋಗ ಇದೆ.

ಗಾಜನೂರಿನ ತುಂಗಾ ಡ್ಯಾಂ ಸಣ್ಣದು, 3.24 ಟಿಎಂಸಿ ಅಷ್ಟೇ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು). ಮಳೆ ಶುರುವಾದರೆ ಬಹುಬೇಗ ತುಂಬಿ ಗೇಟ್ ತೆಗೆಯುತ್ತಾರೆ. ಗಾಜನೂರಲ್ಲಿ ಹೊರಹರಿವು ಜಾಸ್ತಿ ಎಂದು ಓದಿದ ದಿನವೇ ಶಿವಮೊಗ್ಗದ ಸೇತುವೆ ಹತ್ತಿರ ಹೋಗಿ. ಜೋಗದ ಮೇಲ್ಗಡೆ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಡ್ಯಾಂನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅದು ಆ ಅಂಕಿಗೆ ಹತ್ತಿರ ಬಂದು ಗೇಟ್ ತೆಗೆದರೆ ಜೋಗದ 253 ಮೀಟರ್ ಎತ್ತರದಿಂದ ಶರಾವತಿ ಪೂರ್ತಿ ಬೀಳುತ್ತಾಳೆ. ಜೋಗಕ್ಕೆ ದುಡ್ಡು ಕೊಟ್ಟು ಹೋಗುವವರು ಈ ಅಂಕಿ ನೋಡಿ ಹೋದರೆ ಕೊಟ್ಟ ದುಡ್ಡಿಗೆ ಸರಿಯಾಗಿ ನೀರು ಸಿಗುತ್ತದೆ. ಭದ್ರಾದ ಪೂರ್ಣ ಮಟ್ಟ 186 ಅಡಿ, ಅಲ್ಲಿ ನೀರು ಬಿಟ್ಟರೆ ಕೂಡ್ಲಿಯಲ್ಲಿ ಭದ್ರೆಯ ಪಾಲು ಹೆಚ್ಚುತ್ತದೆ.

ಬೇಸಿಗೆಯಲ್ಲಿ ಲಿಂಗನಮಕ್ಕಿ ಇಳಿದಾಗ ಹಿನ್ನೀರು ಬೇರೆಯೇ ಲೋಕ. ಮುಳುಗಿದ ಮರದ ಬೊಡ್ಡೆಗಳು ಮೇಲೇಳುತ್ತವೆ. ನೀರು ಬಹಳ ಇಳಿದ ವರ್ಷಗಳಲ್ಲಿ, ಲಿಂಗನಮಕ್ಕಿ 1964ರಲ್ಲಿ ಬರುವುದಕ್ಕೂ ಮುಂಚಿನ ಹಿರೇಭಾಸ್ಕರ ಡ್ಯಾಂ, ನಾವು ಮಡೆನೂರು ಡ್ಯಾಂ ಎನ್ನುವುದು, ಹೊರಗೆ ಕಾಣುತ್ತದೆ. ಆ ನೀರಿನ ಕೆಳಗೆ ಊರುಗಳಿವೆ, ಮನೆ ಬಿಟ್ಟು ಬಂದವರು ಈಗಲೂ ನಮ್ಮ ನಡುವೆ ಇದ್ದಾರೆ. ಅಲ್ಲಿ ನಿಂತಾಗ ಅದು ನೆನಪಿರಲಿ.

ಹೆಜ್ಜೆ 6: ಕೇಳಿ

ಮ್ಯಾಪಿಗಿಂತ ದೊಡ್ಡದು ಇದು. ಆದರೆ "ಇಲ್ಲಿ ವ್ಯೂ ಪಾಯಿಂಟ್ ಎಲ್ಲಿದೆ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಆಗುಂಬೆ ಎನ್ನುತ್ತಾರೆ. "ನಿಮ್ಮೂರಲ್ಲಿ ದನ ಎಲ್ಲಿ ಮೇಯಿಸ್ತೀರಿ?", "ದೀಪಾವಳಿಗೆ ಯಾವ ಗುಡ್ಡಕ್ಕೆ ಹೋಗ್ತೀರಿ?", "ಫೋನಿಗೆ ಸಿಗ್ನಲ್ ಬೇಕಾದ್ರೆ ಎಲ್ಲಿ ಹೋಗಿ ನಿಲ್ತೀರಿ?" ಎಂದು ಕೇಳಿ. ಕೊನೆಯದು ನನಗೆ ತುಂಬ ಸಲ ಕೈ ಹಿಡಿದಿದೆ. ಸಿಗ್ನಲ್ ಸಿಗುವ ಜಾಗ ಎಂದರೆ ಎತ್ತರ ಮತ್ತು ಎದುರಿಗೆ ಅಡ್ಡ ಇಲ್ಲದ ಜಾಗ.

ಕೇಳಲು ಒಳ್ಳೆಯವರು ಬಸ್ ಕಂಡಕ್ಟರ್, ಹಾಲಿನ ಡೈರಿಯಲ್ಲಿ ಕೂತವರು, ಸಣ್ಣ ಹೋಟೆಲಿನವರು. ತೋಟ, ಬ್ಯಾಣ ಯಾರದೋ ಆಗಿರುತ್ತದೆ. ಮನೆ ಮುಂದೆ ನಿಂತು "ಅಮ್ಮಾ, ಈ ದಾರೀಲಿ ಮೇಲೆ ಹೋಗ್ಬಹುದಾ?" ಎಂದು ಕೇಳಿದರೆ ಬೇಡ ಎಂದವರು ಕಡಿಮೆ. ಹೊಸನಗರ ಕಡೆ ಹೀಗೆ ಕೇಳಿದ್ದಕ್ಕೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಹಿರಿಯರೊಬ್ಬರು ಆಕಾಶ ನೋಡಿ ಹೇಳಿದರು: "ಈಗ ಹೋಗಿ ಎಂತ ಮಾಡ್ತೀರಿ ಮಾರಾಯ್ರೆ, ಮಂಜು ಏಳೋಕೆ ಇನ್ನೂ ಹೊತ್ತಿದೆ. ಕೂತ್ಕೊಳ್ಳಿ, ಕಾಫಿ ಕುಡೀರಿ." ಅವರು ಹೇಳಿದ ಹೊತ್ತಿಗೆ ಸರಿಯಾಗಿ ಹೋದೆವು, ಪರದೆ ಎತ್ತಿದ ಹಾಗೆ ಕಣಿವೆ ತೆರೆಯಿತು.

ಹೆಜ್ಜೆ 7: ಬಸ್ಸಿನಲ್ಲಿ ಯಾವ ಬದಿ ಕೂರಬೇಕು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಎಡಬದಿ ಕಿಟಕಿ ಹಿಡಿಯಿರಿ. ಗಾಜನೂರು, ಮಂಡಗದ್ದೆ ದಾರಿಯಲ್ಲಿ ತುಂಗೆ ಆ ಕಡೆಯೇ ಸಿಗುತ್ತಾಳೆ. ಮಂಡಗದ್ದೆಯಲ್ಲಿ ಹೊಳೆಯ ನಡುವಿನ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ, ಹಸಿರಿನ ಮೇಲೆ ಬಿಳಿ ಹೂ ಬಿಟ್ಟ ಹಾಗೆ. ಬೆಂಗಳೂರಿಂದ ರೈಲಿನಲ್ಲಿ ಬರುವವರು ಶಿವಮೊಗ್ಗ ಟೌನ್ ಸ್ಟೇಷನ್‌ಗೆ ಮುಂಚೆ ತುಂಗೆ ದಾಟುವಾಗ ಎದ್ದಿರಿ. 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆಯ ಮೇಲೂ ಬಸ್ಸೇ ಚೆನ್ನ. ಎರಡೂವರೆ ಕಿ.ಮೀ. ಹತ್ತಿರ ಉದ್ದ, ಎರಡೂ ಬದಿ ಶರಾವತಿ ಹಿನ್ನೀರು. ಸ್ವಂತ ವಾಹನದವರು ಸೇತುವೆಯ ನಡುವೆ ನಿಲ್ಲಿಸಬೇಡಿ.

ಒಂದು ದಿನ ಹೀಗೆ ಹೊಂದಿಸಬಹುದು

ಡಿಸೆಂಬರ್ ಎಂದುಕೊಳ್ಳಿ, ಸ್ವಂತ ವಾಹನ ಇದೆ ಎಂದುಕೊಳ್ಳಿ. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ತುಂಗೆಯ ದಂಡೆ, ನೀರಿನ ಮೇಲೆ ಹೊಗೆಯ ಹಾಗೆ ಮಂಜು ಏಳುತ್ತಿರುತ್ತದೆ. ತಿಂಡಿ ಮುಗಿಸಿ ತೀರ್ಥಹಳ್ಳಿಗೆ ಹೊರಡಿ, ಸುಮಾರು 60 ಕಿ.ಮೀ. ಅಲ್ಲಿ ಕಮಾನು ಸೇತುವೆ, ಹೊಳೆಯ ಬಂಡೆಗಳು. ಮಧ್ಯಾಹ್ನ ಬಿಸಿಲಿನಲ್ಲಿ ಗುಡ್ಡಕ್ಕೆ ಹೋಗಬೇಡಿ, ನೆರಳೇ ಇಲ್ಲದ ಬೆಳಕಿನಲ್ಲಿ ಗುಡ್ಡದ ಏರಿಳಿತ ತಿಳಿಯುವುದಿಲ್ಲ. ಆ ಹೊತ್ತು ಊಟಕ್ಕೆ, ಕವಿಮನೆಗೆ ಇಡಿ. ಮೂರೂವರೆ ನಾಲ್ಕಕ್ಕೆ ಕುಂದಾದ್ರಿ. ಬಿಸಿಲು ಓರೆಯಾಗಿ ಬಿದ್ದಾಗ ಕೆಳಗಿನ ಗದ್ದೆ, ತೋಟ, ಹಂಚಿನ ಮನೆ ಒಂದೊಂದೂ ಎದ್ದು ಕಾಣುತ್ತದೆ. ಐದಕ್ಕೆ ಇಳಿದು ಆಗುಂಬೆಗೆ. ಕುಂದಾದ್ರಿಯಲ್ಲೇ ಮನಸ್ಸು ನಿಂತಿತು ಅಂದರೆ ಆಗುಂಬೆ ಬಿಡಿ. ಎರಡನ್ನೂ ಓಡುತ್ತ ನೋಡುವುದಕ್ಕಿಂತ ಒಂದರಲ್ಲಿ ಕೂರುವುದು ಮೇಲು.

ಹೋಗುವ ಮುಂಚೆ ಇಷ್ಟು ತಿಳಿದಿರಲಿ

ದುಡ್ಡು ಕೇಳುವುದಿಲ್ಲ ಎಂದರೆ ಎಲ್ಲಿ ಬೇಕಾದರೂ ಹೋಗಬಹುದು ಎಂದಲ್ಲ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಆಗುಂಬೆ ಕೆಳಗಿನ ಸೋಮೇಶ್ವರ, ಇವೆಲ್ಲ ಅಭಯಾರಣ್ಯಗಳು. ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧ. ಚಾರಣಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ. ಕೆಲವು ಕಡೆ ಗಾಡಿ ನಿಲ್ಲಿಸಲು ಸಣ್ಣ ದುಡ್ಡು ಕೇಳಬಹುದು, ಚಿಲ್ಲರೆ ಇಟ್ಟುಕೊಳ್ಳಿ.

ಮಂಗನ ಕಾಯಿಲೆ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ, ಅದಕ್ಕೇ ಒತ್ತಿ ಹೇಳುತ್ತೇನೆ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ಚಳಿಗಾಲ, ಬೇಸಿಗೆಯಲ್ಲಿ ಜಾಸ್ತಿ, ಅಂದರೆ ಗುಡ್ಡ ಹತ್ತುವ ಕಾಲದಲ್ಲೇ. ಮೈ ಮುಚ್ಚುವ ಬಟ್ಟೆ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆ ಮೇಲೆ ಕೂರಬೇಡಿ, ಬಂಡೆ ಮೇಲೆ ಕೂರಿ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ತಿಳಿಸಿ. ವಾಪಸ್ ಬಂದು ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ. ಆಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮರೆಯದೆ ಹೇಳಿ.

ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತವೆ, ಉಪ್ಪೋ ಸುಣ್ಣವೋ ಜೊತೆಗಿರಲಿ. ಪಾಚಿ ಹಿಡಿದ ಬಂಡೆಯ ಅಂಚಿಗೆ ಹೋಗಬೇಡಿ, ಒಂದು ಫೋಟೋಗೆ ಜೀವ ಕೊಡಬೇಡಿ. ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಬೋಳು ಗುಡ್ಡ ಬಿಟ್ಟು ಇಳಿಯಿರಿ. ಡ್ಯಾಂ ಕೆಳಗಿನ ಹೊಳೆಗೆ ಇಳಿಯಬೇಡಿ, ಮೇಲೆ ಮಳೆ ಬಂದದ್ದು ಕೆಳಗಿನವರಿಗೆ ಗೊತ್ತಾಗುವುದಿಲ್ಲ. ತಂದ ಪ್ಲಾಸ್ಟಿಕ್ ವಾಪಸ್ ಒಯ್ಯಿರಿ.

ಕೊನೆಯ ಹೆಜ್ಜೆ: ಕೂರಿ, ಮುಳುಗಿದ ಮೇಲೂ ಕೂರಿ

ಆಗುಂಬೆಯಲ್ಲಿ ನೋಡುವ ಜಾಗ ಘಾಟಿ ಇಳಿಯಲು ಶುರುವಾಗುವಲ್ಲಿ, ರಸ್ತೆ ಪಕ್ಕದಲ್ಲೇ ಇದೆ. ಕೆಳಗೆ 14 ತಿರುವುಗಳು. ಸೂರ್ಯ ಮುಳುಗಿದ ಕೂಡಲೇ ಜನ ಚಪ್ಪಾಳೆ ತಟ್ಟಿ, ಕಾರು ಹತ್ತಿ ಹೊರಟುಬಿಡುತ್ತಾರೆ. ನೀವು ಇನ್ನು 20 ನಿಮಿಷ ನಿಲ್ಲಿ. ಮೊದಲು ಎಲ್ಲ ಮಂಕಾಗುತ್ತದೆ, ಮುಗಿಯಿತು ಅನ್ನಿಸುತ್ತದೆ. ಆಮೇಲೆ ಮೇಲಿನ ಮೋಡಕ್ಕೆ ಕೆಳಗಿನಿಂದ ಬೆಳಕು ಬಿದ್ದು, ಕುಂಕುಮದಿಂದ ನೇರಳೆಗೆ ಬಣ್ಣ ತಿರುಗುತ್ತದೆ. ಕೆಳಗಿನ ಕರಾವಳಿಯಲ್ಲಿ ಒಂದೊಂದೇ ದೀಪ ಕಾಣತೊಡಗುತ್ತದೆ. ಕಾಡಿನಿಂದ ಜೀರುಂಡೆಯ ಸದ್ದು ಏಳುತ್ತದೆ, ಕಟ್ಟೆಯ ಕಲ್ಲು ನಿಧಾನಕ್ಕೆ ತಣ್ಣಗಾಗುವುದು ಕೈಗೆ ಗೊತ್ತಾಗುತ್ತದೆ.

ಟಾರ್ಚ್ ಜೊತೆಗಿರಲಿ. ಬಸ್ಸಿನಲ್ಲಿ ಬಂದವರಾದರೆ ವಾಪಸ್ ಹೋಗುವ ಕೊನೆ ಬಸ್ ಎಷ್ಟು ಹೊತ್ತಿಗೆ ಎಂದು ಆಗುಂಬೆಯಲ್ಲಿ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.